ಅಗಿಯದ ತುತ್ತು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ದಿನ ತಟ್ಟೆಯಲ್ಲಿದ್ದದ್ದು ಹುರುಳಿಕಾಳಿನ ಸಾರು ಎಂದು ನನ್ನ ನೆನಪು; ಅಮ್ಮ ಕೊನೆಯವರೆಗೂ ಅದು ಸೊಪ್ಪಿನ ಸಾರು ಎನ್ನುತ್ತಿದ್ದಳು. ವರ್ಷ ತೊಂಬತ್ತಾರೋ ತೊಂಬತ್ತೇಳೋ, ಅದೂ ಖಾತ್ರಿಯಿಲ್ಲ. ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನಿಂದಲೂ ಇದೆ. ಆದರೆ ಆ ವಾರದ ಪುಟಗಳಲ್ಲಿ ಉತ್ತರಪತ್ರಿಕೆ ತಿದ್ದಿದ್ದು, ಬಸ್ಸು ತಪ್ಪಿದ್ದು, ಇಂಥವೇ ಇವೆ. ಮುಖ್ಯವಾದದ್ದನ್ನು ಬರೆಯಲು ಕೈ ಬಂದಿರಲಿಲ್ಲ ಎಂದು ಕಾಣುತ್ತದೆ. ಹಾಗಾಗಿ ಈಗ ಬರೆಯುತ್ತಿರುವುದು ನೆನಪಿನಿಂದ, ಮತ್ತು ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಎಷ್ಟೋ ಸಲ ತಿರುವಿ ಹಾಕಿದ ಸಂಗತಿ ಕೊನೆಗೆ ನಾನು ಕಂಡದ್ದೋ ಕಟ್ಟಿಕೊಂಡದ್ದೋ ಎಂದು ತಿಳಿಯದಷ್ಟು ನುಣುಪಾಗಿಬಿಡುತ್ತದೆ.

ನಮ್ಮ ಮನೆ ಹೊಳೆನರಸೀಪುರದಲ್ಲಿ, ಹೊಳೆಯ ಕಡೆ ಇಳಿಯುವ ಒಂದು ಬೀದಿಯಲ್ಲಿತ್ತು. ಅಪ್ಪ ಹೈಸ್ಕೂಲು ಮೇಷ್ಟರಾಗಿದ್ದವರು. ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ ತೀರಿಕೊಂಡರು. ಉಳಿದವರು ಅಮ್ಮ, ಅಕ್ಕ, ನಾನು. ಅಕ್ಕ ಅರಕಲಗೂಡಿನ ಹತ್ತಿರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಟೀಚರು. ನಾನು ಹಾಸನದ ಕಾಲೇಜೊಂದರಲ್ಲಿ ಪಾಠ ಮಾಡುತ್ತ ಅಲ್ಲೇ ರೂಮು ಮಾಡಿಕೊಂಡಿದ್ದೆ, ಶನಿವಾರ ಊರಿಗೆ ಬರುತ್ತಿದ್ದೆ.

ಅಕ್ಕನಿಗೆ ಕಾಯಿಲೆ ಶುರುವಾದದ್ದು ಶಾಲೆಯಲ್ಲಿ. ಬೋರ್ಡಿನ ಮೇಲೆ ಬರೆಯುತ್ತಿದ್ದವಳು ಕೈ ನಿಲ್ಲಿಸಿ, ಯಾರೋ ಕರೆದರು ಎಂದು ಆಚೆ ಹೋಗುತ್ತಿದ್ದಳಂತೆ. ಒಂದು ದಿನ ಹಾಗೆ ಹೊರಟವಳು ಅರಕಲಗೂಡಿನ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಸಂಜೆಯವರೆಗೆ ಕೂತು ಪಕ್ಕದ ಖಾಲಿ ಜಾಗದೊಂದಿಗೆ ಜಗಳವಾಡುತ್ತಿದ್ದಳು. ಗುರುತಿದ್ದ ಕಂಡಕ್ಟರೊಬ್ಬರು ಮನೆಗೆ ಕರೆತಂದು ಬಿಟ್ಟರು. ಆಮೇಲೆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಗೋಡೆಯ ಆಚೆಯಿಂದ ದನಿಗಳು ಬೈಯುತ್ತವೆ, ಅಮ್ಮನನ್ನು ಸಾಯಿಸು ಎನ್ನುತ್ತವೆ ಎಂದು ಅವಳೇ ಅಳುತ್ತ ಹೇಳಿದಳು. ಅಂದು ಅಮ್ಮ ಅಡುಗೆಮನೆಯ ಚಾಕುವನ್ನು ಅಕ್ಕಿ ಡಬ್ಬದ ತಳದಲ್ಲಿ ಹುದುಗಿಸಿಟ್ಟಳು. ತರಕಾರಿ ಹೆಚ್ಚುವಾಗ ಮೊಣಕೈವರೆಗೆ ಅಕ್ಕಿಯೊಳಗೆ ತೋಳು ಇಳಿಸಿ ತೆಗೆಯುವುದು, ಹೆಚ್ಚಿದ ಮೇಲೆ ಮತ್ತೆ ಹೂಳುವುದು.

ಹಾಸನದ ಡಾಕ್ಟರು ಮಾತ್ರೆ ಕೊಟ್ಟರು. ಮೊದಲು ಅಕ್ಕ ಅದನ್ನು ನಾಲಿಗೆಯಡಿ ಇಟ್ಟುಕೊಂಡು ಬಚ್ಚಲಿಗೆ ಹೋಗಿ ಉಗಿಯುತ್ತಿದ್ದಳು. ಅಮ್ಮ ಗದರಿದಳು, ಕಾಲು ಹಿಡಿದಳು, ಏನೂ ನಡೆಯಲಿಲ್ಲ. ಕೆಲವು ವಾರಗಳಾದ ಮೇಲೆ ನಾನು ಊರಿಗೆ ಬಂದಾಗ ಅಮ್ಮನ ಮುಖ ಹಗುರಾಗಿತ್ತು. ಈಗ ತಗೋತಾಳೆ ಎಂದಳು. ಹೇಗೆ ಒಪ್ಪಿಸಿದೆ ಎಂದು ನಾನು ಕೇಳಲಿಲ್ಲ. ಕೇಳದಿರಲು ಕಾರಣ ಸುಲಭ: ಅಕ್ಕ ಆ ರಾತ್ರಿ ಮಲಗಿದ್ದಳು. ಗೋಡೆಯ ಕಡೆ ತಿರುಗಿ ಮಾತಾಡಲಿಲ್ಲ. ಮನೆಯೊಳಗೆ ಅಂಥ ಸದ್ದಿಲ್ಲದ ರಾತ್ರಿ ಬಂದು ಎಷ್ಟೋ ತಿಂಗಳಾಗಿತ್ತು.

ನಮ್ಮ ಕಡೆಯ ಊಟದ ವಿಷಯ ಇಲ್ಲಿ ಹೇಳಬೇಕು. ನಾವು ರಾಗಿಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಬೆರಳಲ್ಲಿ ಉರುಟು ಮಾಡಿ, ಸಾರಿನಲ್ಲಿ ಹೊರಳಿಸಿ, ನಾಲಿಗೆಯ ಹಿಂದಕ್ಕೆ ಇಟ್ಟರೆ ಅದು ತಾನೇ ಜಾರಿ ಹೋಗಬೇಕು. ಹಲ್ಲಿಗೆ ತಾಗಿದರೆ ಅಂಟು. ಮಕ್ಕಳು ಇದನ್ನು ಕಲಿಯಬೇಕು, ಮತ್ತು ಕಲಿತವರು ಕಲಿಯದವರನ್ನು ಆಡಿಕೊಳ್ಳಬೇಕು. ನಾನು ತುಂಬ ದಿನ ಅಗಿಯುತ್ತಿದ್ದೆ. ಅಕ್ಕ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ನುಂಗುತ್ತಿದ್ದಳು. ನಿಂಬೆಹಣ್ಣಿನ ಗಾತ್ರದ ತುತ್ತು ಕಣ್ಣು ಮಿಟುಕಿಸದೆ ಇಳಿಯುತ್ತಿತ್ತು. "ದನ ಮೆಲಕಾಕ್ದಂಗೆ ಆಕ್ತಾಳೆ ನೋಡಪ್ಪ ಇವ್ಳು" ಎಂದು ಅಪ್ಪನಿಗೆ ಚಾಡಿ ಹೇಳಿ, ತಾನು ಬಾಯಿ ತೆರೆದು ಖಾಲಿ ನಾಲಿಗೆ ತೋರಿಸುತ್ತಿದ್ದಳು.

ಕಾಯಿಲೆ ತಗ್ಗಿದ ಮೇಲೆ ಅವಳ ಮೈ ಬಿಗಿಯತೊಡಗಿತು. ನಡೆಯುವಾಗ ಕೈ ಬೀಸುತ್ತಿರಲಿಲ್ಲ. ಬೆರಳು ನಡುಗುತ್ತಿದ್ದವು. ಮುಖ ಒಂದೇ ಸಮ, ನಗುವಿಗೂ ಅದೇ, ಅಳುವಿಗೂ ಅದೇ; ಕೂತಲ್ಲೇ ತುಟಿಯ ಮೂಲೆಯಿಂದ ಜೊಲ್ಲು ಇಳಿದು ರವಿಕೆಯ ಮೇಲೆ ಬೀಳುತ್ತಿತ್ತು. ಅಮ್ಮ ಅದನ್ನು ಸೆರಗಿನಲ್ಲಿ ಒರೆಸಿ, ದನಿ ಕೇಳದಿದ್ದರೆ ಸಾಕು, ಇದಕ್ಕೇನು ಎನ್ನುತ್ತಿದ್ದಳು. ನಾನೂ ಹಾಗೇ ಅಂದುಕೊಂಡೆ.

ಆಮೇಲೆ ಗಂಟಲು. ಮೊದಲು ನೀರು ಕುಡಿದರೆ ಕೆಮ್ಮು. ಅನ್ನದ ಅಗುಳು ಕೆನ್ನೆಯೊಳಗೆ ಉಳಿದು ಎಷ್ಟೋ ಹೊತ್ತಾದ ಮೇಲೆ ಹೊರಬರುತ್ತಿತ್ತು. ತುತ್ತು ಬಾಯಲ್ಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು, ನುಂಗುವುದು ಹೇಗೆಂಬುದನ್ನು ಯಾರಾದರೂ ನೆನಪಿಸಲಿ ಎಂಬಂತೆ. ಅಮ್ಮನಿಗೆ ತೋಚಿದ ಉಪಾಯವೆಂದರೆ ಅನ್ನ ಬಿಡಿಸಿ ಎರಡು ಹೊತ್ತೂ ಮುದ್ದೆ ಹಾಕುವುದು. ಅನ್ನವನ್ನಾದರೆ ಅಗಿಯಬೇಕು, ಮುದ್ದೆ ತಾನೇ ಇಳಿಯುತ್ತದೆ. ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ಹಲ್ಲಿಲ್ಲದ ಮುದುಕರು ಅದರಲ್ಲೇ ಬದುಕುತ್ತಾರಲ್ಲ. ಅಗಿಯದೆ ನುಂಗುವುದಕ್ಕೆ ಗಂಟಲು ಅಗಿಯುವಾಗಿನದಕ್ಕಿಂತ ಹೆಚ್ಚು ಕೆಲಸ ಮಾಡಬೇಕು ಎಂದು ನಮಗೆ ಹೊಳೆಯಲಿಲ್ಲ. ಅಷ್ಟು ಸಲೀಸಾಗಿ ನುಂಗುತ್ತಿದ್ದವರು ನಾವು.

ಅವಳ ತೂಕ ಇಳಿಯಿತು. ರವಿಕೆಗಳನ್ನು ಅಮ್ಮ ಒಳಹೊಲಿಗೆ ಹಾಕಿ ಚಿಕ್ಕದು ಮಾಡಿದಳು, ಮತ್ತೆ ಮಾಡಿದಳು. ಮುದ್ದೆ ತಟ್ಟೆಯಲ್ಲೇ ಉಳಿಯುತ್ತಿತ್ತು. ತಿಂಗಳಿಗೊಮ್ಮೆ ಹಾಸನಕ್ಕೆ ಹೋದಾಗ ಅಮ್ಮ ಡಾಕ್ಟರ ಮುಂದೆ ಕೂತು, ಸರಿಯಾಗಿ ತಗೋತಿಲ್ಲ ಸಾ, ಉಗೀತಾಳೆ ಎಂದು ಹೇಳುತ್ತಿದ್ದಳು. ಆಚೆ ಬೆಂಚಿನ ತುಂಬ ಜನ ಕಾಯುತ್ತಿರುತ್ತಿದ್ದರು. ಹಾಗಾದರೆ ಇಂಜೆಕ್ಷನ್ನೂ ಇರಲಿ, ಮಾತ್ರೆಯೂ ಇರಲಿ ಎಂದಾಯಿತು. ಅದಾದ ಮೇಲೆ ಅವಳು ಇನ್ನೂ ಬಿಗಿಯಾದಳು.

ಚನ್ನರಾಯಪಟ್ಟಣದಲ್ಲಿ ನೆಂಟರ ಮನೆಯಲ್ಲಿ ನಾಮಕರಣವಿತ್ತು. ಅವಳನ್ನು ಬಿಟ್ಟು ಹೋಗುವ ಹಾಗಿರಲಿಲ್ಲ, ಕರೆದುಕೊಂಡೇ ಹೋದೆವು. ಪಂಕ್ತಿಯಲ್ಲಿ ಕೂತವರೆಲ್ಲರ ಊಟ ಮುಗಿಯದೆ ಒಬ್ಬರೂ ಏಳುವುದಿಲ್ಲ, ಅದು ನಮ್ಮಲ್ಲಿ ಮರ್ಯಾದೆ. ಎಲ್ಲರ ಎಲೆ ಖಾಲಿಯಾಗಿ, ಕೈ ಒಣಗಿ, ಮಾತು ಮುಗಿದು, ಸಾಲಿಗೆ ಸಾಲೇ ಅಕ್ಕನ ಎಲೆಯನ್ನು ನೋಡುತ್ತ ಕೂತಿತು. ಅವಳ ಕೆನ್ನೆ ಉಬ್ಬಿತ್ತು. ಬೆನ್ನ ಹಿಂದೆ ಎರಡನೇ ಪಂಕ್ತಿಯವರು ನಿಂತು ಜಾಗ ಹಿಡಿಯಲು ನೋಡುತ್ತಿದ್ದರು. ಅವರಲ್ಲಿ ಒಬ್ಬ ಹೆಂಗಸು, ಕೆಟ್ಟವಳೇನಲ್ಲ, ತಮಾಷೆಗೇ ಅಂದಳು: "ಏನ್ ಟೀಚರಮ್ಮ, ಪಾಯ್ಸಕ್ಕೂ ಪಾಠ ಏಳ್ಕೊಡ್ತಿದ್ದೀಯಾ? ಬಿರ್ನೆ ನುಂಗವ್ವ, ನಮ್ ಒಟ್ಟೆ ತಾಳ ಆಕ್ತಾ ಐತೆ."

ಸಾಲು ನಕ್ಕಿತು. ಅಕ್ಕ ಪ್ರಯತ್ನಪಟ್ಟಳು. ಪಾಯಸ ಮೂಗಿನಿಂದ ಬಂತು.

ವಾಪಸು ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿ, ಮನೇಲಿ ಆಡೋ ಆಟಾನ ಅಲ್ಲೂ ಆಡುದ್ಲು, ಮಾನ ಕಳುದ್ಲು ಎಂದು ನನಗೆ ಮಾತ್ರ ಕೇಳಲೆಂಬ ದನಿಯಲ್ಲಿ ಹೇಳಿದಳು. ಅಕ್ಕ ನಮ್ಮಿಬ್ಬರ ನಡುವೆ ಕೂತಿದ್ದಳು. ಅವಳಿಗೂ ಕೇಳಿಸಿರಬೇಕು. ಆಟವಲ್ಲ ಎಂದು ನನಗೆ ಅನ್ನಿಸಿತ್ತು, ಆದರೆ ಆಟವಲ್ಲದಿದ್ದರೆ ಇದೇನು? ಗಂಟಲಲ್ಲಿ ಗಡ್ಡೆಯೋ? ಕಾಯಿಲೆಯೇ ಬೇರೆ ರೂಪದಲ್ಲಿ ಬಂತೋ? ಹಾಸನದ ನನ್ನ ರೂಮಿನಲ್ಲಿ ಒಂದು ಲೋಟ ನೀರು ಕುಡಿಯುವಾಗಲೂ ನನ್ನದೇ ಗಂಟಲ ಮೇಲೆ ಗಮನ ಹೋಗುತ್ತಿತ್ತು. ಗಮನಿಸಿ ನುಂಗಲು ಹೋದರೆ ನನಗೂ ಕಷ್ಟವಾಗುತ್ತಿತ್ತು. ಹೀಗೇ ಬಿಟ್ಟರೆ ಅವಳು ಉಳಿಯುವುದಿಲ್ಲ ಎಂಬುದು ಮಾತ್ರ ಕಣ್ಣಿಗೆ ಕಾಣುತ್ತಿತ್ತು. ಅವಳ ಮುಂಗೈ ನನ್ನ ಎರಡು ಬೆರಳ ಸುತ್ತಳತೆಗೆ ಬಂದಿತ್ತು.

ಅದಾದ ಮೇಲಿನದೋ ಅದರ ಮೇಲಿನದೋ ಒಂದು ಭಾನುವಾರ. ಮಧ್ಯಾಹ್ನ. ಮೂವರೂ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದೆವು. ಅಕ್ಕನ ತಟ್ಟೆಯಲ್ಲಿ ಮುದ್ದೆ ಇಡಿಯಾಗಿ ಇರಲಿಲ್ಲ. ಅಮ್ಮನೇ ಚಿಕ್ಕ ಚಿಕ್ಕ ಉಂಡೆ ಮಾಡಿ ಇಟ್ಟಿದ್ದಳು. ಅವಳಿಗೆ ಸುಲಭವಾಗಲಿ ಎಂದು ಹಾಗೆ ಮಾಡುತ್ತಾಳೆ ಎಂದುಕೊಂಡಿದ್ದೆ. ಅಕ್ಕ ಒಂದೂ ಮುಟ್ಟಿರಲಿಲ್ಲ. ನುಂಗು ಕಣವ್ವ, ಒಂದೇ ಒಂದು ನುಂಗು ಎಂದು ಅಮ್ಮ ಬೇಡಿ, ಆಮೇಲೆ ಬೈದು, ಆಮೇಲೆ ತಾನೇ ಅಳತೊಡಗಿದಳು. ನನಗೆ ಬೇರೇನೂ ತೋಚಲಿಲ್ಲ. ಚಿಕ್ಕಂದಿನಲ್ಲಿ ಅವಳು ನನಗೆ ತೋರಿಸಿದ್ದನ್ನು ಅವಳಿಗೆ ತೋರಿಸೋಣವೆಂದು, ನೋಡಕ್ಕ, ಇಂಗೆ ಎನ್ನುತ್ತ ಅವಳ ತಟ್ಟೆಯಿಂದಲೇ ಒಂದು ಉಂಡೆ ತೆಗೆದು ಸಾರಿನಲ್ಲಿ ಹೊರಳಿಸಿ ಬಾಯಿಗೆ ತಂದೆ.

ಅಮ್ಮ ನನ್ನ ಮುಂಗೈ ಹಿಡಿದಳು. ಅವಳ ಎಂಜಲು ಕೈಯ ಹಿಡಿತ, ಬಳೆ ಒತ್ತಿದ್ದು, ಇಷ್ಟು ನನಗೆ ಚೆನ್ನಾಗಿ ನೆನಪಿದೆ.

"ಅದ ಬುಡು. ಅದ್ರೊಳ್ಗೆ ಮಾತ್ರೆ ಐತೆ."

ಉಂಡೆ ನನ್ನ ಕೈಯಿಂದ ತಟ್ಟೆಯೊಳಗೆ ಬಿತ್ತು. ನಾನು ಅಮ್ಮನನ್ನು ನೋಡಿದೆ. ಅಮ್ಮ ಅಕ್ಕನನ್ನು ನೋಡುತ್ತಿದ್ದಳು. ಅಷ್ಟು ದಿನ ಕಾಪಾಡಿಕೊಂಡು ಬಂದದ್ದನ್ನು ತಾನೇ, ಅವಳ ಎದುರಿಗೇ, ಆಡಿಬಿಟ್ಟಿದ್ದಳು. ಇನ್ನು ಮುಂದೆ ಮಾತ್ರೆಯೂ ಇಲ್ಲ, ಊಟವೂ ಇಲ್ಲ, ರಾತ್ರಿಗಳು ಮತ್ತೆ ಮೊದಲಿನಂತೆ. ಅಮ್ಮನ ಮುಖದಲ್ಲಿ ಇಷ್ಟೂ ಒಟ್ಟಿಗೆ ಬಂದು ನಿಂತಿತ್ತು. ಅಕ್ಕನ ಮುಖದಲ್ಲಿ ಏನೂ ಇರಲಿಲ್ಲ. ಇದ್ದರೂ ಹೊರಬರಲು ಆ ಮುಖದಲ್ಲಿ ದಾರಿಯಿರಲಿಲ್ಲ.

ಆಮೇಲೆ ನಡುಗುವ ಬೆರಳುಗಳನ್ನು ತಟ್ಟೆಗೆ ತಂದು, ನನ್ನ ಕೈಯಿಂದ ಬಿದ್ದ ಅದೇ ಉಂಡೆಯನ್ನು ಹಿಡಿಯಲು ನೋಡಿದಳು. ಅದು ಜಾರಿತು. ಮತ್ತೆ ಹಿಡಿದಳು. ಬಾಯಿಗಿಟ್ಟುಕೊಂಡು, ಹಳೆಯ ಅಭ್ಯಾಸದಂತೆ ತಲೆಯನ್ನು ತುಸು ಹಿಂದಕ್ಕೆ ಎತ್ತಿ, ನುಂಗಲು ಹೋದಳು.

ಅದು ಅಲ್ಲೇ ನಿಂತಿತು. ಸದ್ದು ಬರಲಿಲ್ಲ. ಸಿಕ್ಕಿಕೊಂಡರೆ ಕೆಮ್ಮು ಬರುತ್ತದೆ ಎಂದು ನಾನು ತಿಳಿದಿದ್ದೆ. ಉಸಿರೇ ಇಲ್ಲದವರಿಗೆ ಕೆಮ್ಮೂ ಇಲ್ಲ. ಕಣ್ಣು ಮೇಲಾಯಿತು, ತುಟಿ ಬೂದಿಬಣ್ಣಕ್ಕೆ ತಿರುಗಿತು. ನಾನು ಬಾಯೊಳಗೆ ಬೆರಳು ಹಾಕಿದೆ, ಅಂಟು ಕೈಗೆ ಬಂತು, ಉಂಡೆ ಬರಲಿಲ್ಲ. ಅಮ್ಮ ಕೂಗಿದ್ದು ಕೇಳಿ ಹಿತ್ತಲ ಕಡೆಯಿಂದ ಪಕ್ಕದ ಮನೆಯಾಕೆ ಓಡಿಬಂದಳು. ಅಕ್ಕನನ್ನು ತನ್ನ ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನಿನ ನಡುವೆ ಅಂಗೈಯಿಂದ ಗುದ್ದಿದಳು, ಗುದ್ದಿದಳು. ಎಷ್ಟು ಹೊತ್ತೋ. ನನ್ನ ನೆನಪಿನಲ್ಲಿ ಅದು ಬಹಳ ಹೊತ್ತು. ಅಷ್ಟು ಹೊತ್ತಾಗಿದ್ದರೆ ಅವಳು ಉಳಿಯುತ್ತಿರಲಿಲ್ಲ. ಉಂಡೆ ನೆಲಕ್ಕೆ ಬಿತ್ತು. ಅದರ ಒಂದು ಪಕ್ಕದಲ್ಲಿ ಬಿಳಿ ಮಾತ್ರೆಯ ಅಂಚು ಕಾಣುತ್ತಿತ್ತು.

ಮುಂದಿನ ಬಸ್ಸಿಗೇ ಹಾಸನಕ್ಕೆ ಹೊರಟೆವು. ನಮ್ಮ ಡಾಕ್ಟರು ಊರಲ್ಲಿರಲಿಲ್ಲ, ದೊಡ್ಡಾಸ್ಪತ್ರೆಯಲ್ಲಿ ಆ ಹೊತ್ತಿಗಿದ್ದ ಕಿರಿಯ ಡಾಕ್ಟರು ನೋಡಿದರು. ದಾರಿಯುದ್ದಕ್ಕೂ ಅಮ್ಮ ಒಂದೊಂದಾಗಿ ಹೇಳುತ್ತ ಬಂದಿದ್ದಳು. ಉಗಿಯುವುದನ್ನು ತಡೆಯಲಾಗದೆ ಮುದ್ದೆಯೊಳಗೆ ಇಡಲು ಶುರು ಮಾಡಿದ್ದು. ಅಗಿಯುವುದಿಲ್ಲವಾದ್ದರಿಂದ ಅವಳಿಗೆ ತಿಳಿಯದೆಂಬ ಧೈರ್ಯ. ಮುದ್ದೆ ತಟ್ಟೆಯಲ್ಲಿ ಉಳಿಯತೊಡಗಿದಾಗ, ಓ, ಇವಳಿಗೆ ಗೊತ್ತಾಗಿಹೋಗಿದೆ, ಅದಕ್ಕೇ ಈ ನಾಟಕ ಎಂದುಕೊಂಡದ್ದು. ಮಧ್ಯಾಹ್ನದ್ದು ಹೊಟ್ಟೆಗೆ ಹೋಯಿತೋ ಇಲ್ಲವೋ ಎಂಬ ಅನುಮಾನದಲ್ಲಿ ರಾತ್ರಿಯ ಮುದ್ದೆಯಲ್ಲಿ ಮತ್ತೊಂದು ಇಟ್ಟದ್ದು. ಡಾಕ್ಟರು ಬೈದಾರೆಂದು ಮುದ್ದೆಯ ಮಾತು ಎತ್ತದೆ ಇದ್ದದ್ದು. ಹೀಗೆ ಅಕ್ಕನ ಮೈಗೆ ದಿನಕ್ಕೆ ಎಷ್ಟು ಸೇರುತ್ತಿತ್ತೆಂದು ಬರೆದುಕೊಟ್ಟವರಿಗೂ ತಿಳಿಯದು, ಬೇಯಿಸಿ ಹಾಕಿದವಳಿಗೂ ತಿಳಿಯದು.

ಕಿರಿಯ ಡಾಕ್ಟರಿಗೆ ನಾನೇ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಅಕ್ಕನ ಎದುರು ಕುರ್ಚಿ ಎಳೆದುಕೊಂಡು, ಅವಳ ಗಂಟಲ ಮೇಲೆ ಎರಡು ಬೆರಳಿಟ್ಟು, ಚಮಚದಲ್ಲಿ ನೀರು ಕೊಟ್ಟರು. ನುಂಗಿ ಎಂದರು. ಕಾದರು. ಬೆರಳ ಕೆಳಗೆ ಗಂಟಲು ಮೇಲೇಳಲೆಂದು ಅವರು ಕಾಯುತ್ತಿರುವುದು ನನಗೆ ಕಾಣುತ್ತಿತ್ತು. ಅಲ್ಲಾಡಿತು, ನಿಂತಿತು, ತಡವಾಗಿ ಎದ್ದಿತು, ನೀರು ಅರ್ಧ ಗದ್ದಕ್ಕೆ ಇಳಿಯಿತು, ಅಕ್ಕ ಕೆಮ್ಮಿದಳು.

"ಇವರು ನುಂಗಲ್ಲ ಅಂತ ಹಟ ಮಾಡ್ತಿಲ್ಲ ಕಣಮ್ಮ," ಎಂದರು ಅಮ್ಮನಿಗೆ. "ನುಂಗೋಕೆ ಆಗ್ತಿಲ್ಲ. ಆ ಮಾತ್ರೆ ಕೈಕಾಲು ಬಿಗಿ ಮಾಡಿದ ಹಾಗೆ ಗಂಟಲನ್ನೂ ಬಿಗಿ ಮಾಡಿದೆ."

ಅಮ್ಮ ಅಕ್ಕನ ಗದ್ದದ ನೀರನ್ನು ಸೆರಗಿನಲ್ಲಿ ಒರೆಸಿದಳು. ಆಮೇಲೆ, "ಅಂಗಾರೆ ಆಟ ಅಲ್ವಾ ಸಾ?" ಎಂದು ಕೇಳಿದಳು. ಅಲ್ಲ ಎಂದರು. "ಅಂಗಾರೆ ನಾನು ನುಂಗು ನುಂಗು ಅಂತ..." ಎಂದು ಶುರು ಮಾಡಿ ಅಲ್ಲಿಗೇ ಬಿಟ್ಟಳು. ಆ ವಾಕ್ಯವನ್ನು ಅವಳು ಎಂದೂ ಮುಗಿಸಲಿಲ್ಲ.

ಕಾರಣ ತಿಳಿದರೆ ಕಷ್ಟ ಮುಗಿಯುತ್ತದೆ ಎಂದು ನಾನು ಒಂದು ಸಂಜೆಯ ಮಟ್ಟಿಗೆ ನಂಬಿದ್ದೆ. ಆದರೆ ಮಾತ್ರೆ ಕಡಿಮೆ ಮಾಡಿದರೆ ದನಿಗಳು ಬರುತ್ತವೆ, ಮಾಡದಿದ್ದರೆ ತುತ್ತು ಇಳಿಯುವುದಿಲ್ಲ. ಇಂಜೆಕ್ಷನ್ನು ಒಮ್ಮೆ ಮೈಸೇರಿದರೆ ವಾರಗಟ್ಟಲೆ ಹೋಗುವುದಿಲ್ಲವಂತೆ. ಅದು ಇಳಿಯುವವರೆಗೆ ಕಾಯಬೇಕು. ಬಿಗಿತಕ್ಕೆ ಬೇರೊಂದು ಮಾತ್ರೆ ಕೊಟ್ಟರು. ನಾನು ರಜೆ ಹಾಕಿ ಊರಲ್ಲಿ ಉಳಿದೆ. ನೀರಿನಷ್ಟು ತೆಳುವಾದದ್ದು ದಾರಿ ತಪ್ಪುತ್ತದೆ, ಗಟ್ಟಿಯಾದದ್ದು ಸಿಕ್ಕಿಕೊಳ್ಳುತ್ತದೆ. ನಡುವಿನ ಹದದ ಅಂಬಲಿ ಕಾಯಿಸಿ, ಗದ್ದ ಎದೆಗೆ ತಾಗುವಂತೆ ತಲೆ ಬಗ್ಗಿಸಿ ಕೂರಿಸಿ, ಚಮಚದಲ್ಲಿ ಕೊಡುತ್ತಿದ್ದೆವು. ಒಂದು ಬಟ್ಟಲು ಮುಗಿಯುವಷ್ಟರಲ್ಲಿ ಒಲೆ ಆರಿಹೋಗಿರುತ್ತಿತ್ತು. ಒಬ್ಬರು ಗಂಟಲು ನೋಡುತ್ತಿದ್ದರೆ ಇನ್ನೊಬ್ಬರು ಕಣ್ಣು ನೋಡುತ್ತಿದ್ದೆವು, ಗೋಡೆಯ ಕಡೆ ತಿರುಗುತ್ತಿದೆಯೇ ಎಂದು.

ಒಂದು ದಿನ ತಿರುಗಿತು. ತುಟಿ ಅಲುಗಿತು. ಅಕ್ಕ ಯಾರಿಗೋ ಉತ್ತರ ಕೊಡುತ್ತಿದ್ದಳು. ನಾನು ಮತ್ತು ಅಮ್ಮ ಚಮಚ ಹಿಡಿದುಕೊಂಡೇ ಕೂತುಬಿಟ್ಟೆವು. ಆಗ ಅವಳು ಎದ್ದು, ಸೀದಾ ಅಕ್ಕಿ ಡಬ್ಬದ ಹತ್ತಿರ ಹೋಗಿ, ತೋಳು ಇಳಿಸಿ, ತಳದಿಂದ ಚಾಕು ತೆಗೆದಳು. ಹಿಡಿಯನ್ನು ಅಮ್ಮನ ಕಡೆ ಮಾಡಿ ಚಾಚಿದಳು.

"ಇದ್ನ ಬ್ಯಾರೆ ಕಡೆ ಇಡವ್ವ. ಇಲ್ಲಿ ಐತೆ ಅಂತ ಅವ್ಕೂ ಗೊತ್ತಾಗೈತೆ."

ತಿಂಗಳುಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಇಡೀ ಮಾತು ಅದು. ಅಮ್ಮ ಚಾಕು ತೆಗೆದುಕೊಂಡು ಪಕ್ಕದ ಮನೆಗೆ ಕೊಟ್ಟು ಬಂದಳು. ಆಮೇಲೆ ನಮ್ಮ ಮನೆಯಲ್ಲಿ ತರಕಾರಿಯನ್ನು ಕೈಯಲ್ಲೇ ಮುರಿದು ಬೇಯಿಸುತ್ತಿದ್ದೆವು. ಬೇರೆ ಔಷಧಿ ಸಿಕ್ಕಿ, ಅದು ಒಗ್ಗಿ, ದನಿಗಳು ದೂರ ಸರಿಯುವುದಕ್ಕೆ ವರ್ಷಗಳೇ ಹಿಡಿದವು. ಪೂರ್ತಿ ಹೋದವೆಂದು ಯಾರೂ ಹೇಳಿಲ್ಲ. ನುಂಗುವುದು ಬಂತು, ಮೊದಲಿನಂತೆ ಅಲ್ಲ. ಬಾಯಿ ಖಾಲಿ ಇದ್ದಾಗಲೂ ಅವಳ ನಾಲಿಗೆ ಒಳಗೊಳಗೇ ಏನನ್ನೋ ಹೊರಳಿಸುತ್ತಿರುತ್ತದೆ. ಹಳೆಯ ಮಾತ್ರೆ ಉಳಿಸಿಹೋದದ್ದು, ಅದು ಹೋಗಲಾರದು ಎಂದು ಡಾಕ್ಟರು ಹೇಳಿದ್ದಾರೆ. ಅಮ್ಮ ಆ ಭಾನುವಾರದ ಮೇಲೆ ಮುದ್ದೆ ತೊಳಸಲಿಲ್ಲ. ಮುದ್ದೆ ಕೋಲು ಅಟ್ಟದ ಮೇಲೆ ಹೋಯಿತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಅಮ್ಮ ಹೋದಳು. ಅದಕ್ಕೆ ಮುಂಚೆ ಒಮ್ಮೆ ನಾನು ಆ ದಿನದ ಮಾತೆತ್ತಿದ್ದೆ. ನೀನು ನನ್ನ ಕೈ ಹಿಡಿದೆಯಲ್ಲ ಎಂದದ್ದಕ್ಕೆ, ನಾನೆಲ್ಲಿ ಹಿಡಿದೆ, ನಾನು ಒಲೆಯ ಮುಂದೆ ಇದ್ದೆ, ಅಲ್ಲಿಂದಲೇ ಕೂಗಿದೆ ಎಂದಳು. ಬಳೆ ಒತ್ತಿದ್ದು ನೆನಪಿದೆಯಮ್ಮ ಎಂದೆ. ಅಪ್ಪ ಸತ್ತ ಮೇಲೆ ನಾನು ಬಳೆ ತೊಟ್ಟಿದ್ದೆನೇನೇ ಎಂದು ಕೇಳಿದಳು. ಅದು ನಿಜ. ಅವಳು ತೊಟ್ಟಿರಲಿಲ್ಲ. ಹಾಗಾದರೆ ನನ್ನ ಮುಂಗೈಗೆ ಒತ್ತಿದ್ದು ಏನು? ಒಂದು ವೇಳೆ ಅಮ್ಮ ಒಲೆಯ ಮುಂದೆಯೇ ಇದ್ದರೆ, ಅಕ್ಕನ ಮುಖವನ್ನು ಅಮ್ಮ ನೋಡುತ್ತಿದ್ದಳು ಎಂದು ನಾನು ಬರೆದದ್ದೂ ಸುಳ್ಳಾಗುತ್ತದೆ. ಅಕ್ಕ ತಾನಾಗಿ ಆ ಉಂಡೆ ಎತ್ತಿಕೊಂಡದ್ದು ಮಾತ್ರ ಇಬ್ಬರಿಗೂ ಒಂದೇ ಥರ ನೆನಪಿತ್ತು. ಆದರೆ ಅಮ್ಮ ಅದನ್ನು ವಿಧೇಯತೆ ಎಂದುಕೊಂಡಿದ್ದಳು. ಪಾಪ, ನನ್ನ ಮಾತು ಕೇಳಿ ತಗೊಂಡ್ಲು ಎನ್ನುತ್ತಿದ್ದಳು. ನನಗೆ ಹಾಗೆ ಅನ್ನಿಸುವುದಿಲ್ಲ. ಒಂದೊಂದು ದಿನ ಅನ್ನಿಸುತ್ತದೆ: ನಾನು ಆಟವಾಡುತ್ತಿಲ್ಲ, ಕಣ್ಣಾರೆ ನೋಡಿ ಎಂದು ನಮಗೆ ತೋರಿಸಲು ಅವಳಿಗೆ ಬೇರೆ ಭಾಷೆ ಇರಲಿಲ್ಲ. ಇನ್ನೊಂದು ದಿನ, ಚಾಕು ಇರುವ ಜಾಗ ಗೊತ್ತಿದ್ದವಳಿಗೆ ಮಾತ್ರೆ ಇರುವ ಜಾಗ ಮೊದಲೇ ಗೊತ್ತಿತ್ತು, ಗೊತ್ತಿದ್ದೇ ಅಷ್ಟು ದಿನ ನಮಗಾಗಿ ನುಂಗಿದ್ದಳು. ಇನ್ನು ಕೆಲವು ದಿನ, ಸಿಕ್ಕಿಕೊಳ್ಳುತ್ತದೆಂದು ತಿಳಿದೇ ತಲೆ ಹಿಂದಕ್ಕೆ ಎತ್ತಿದಳು ಎಂಬ ಯೋಚನೆ ಬರುತ್ತದೆ. ಆಗ ನಾನು ಎದ್ದು ಬೇರೆ ಕೆಲಸ ಹಿಡಿಯುತ್ತೇನೆ.

ಅಕ್ಕ ಈಗ ಹಾಸನದಲ್ಲಿ ನನ್ನ ಜೊತೆ ಇದ್ದಾಳೆ. ಮಿದ್ದಿದ ಅನ್ನಕ್ಕೆ ಸಾರು ಕಲಸಿ, ತಲೆ ಬಗ್ಗಿಸಿ, ತಡವಾಗಿ ಉಣ್ಣುತ್ತಾಳೆ. ನಾನು ಮೊದಲೇ ಮುಗಿಸಿದರೂ ಏಳುವುದಿಲ್ಲ. ಹೋದ ವಾರ ಹೀಗೇ ಕೂತಿದ್ದಾಗ, ಅವಳ ಬಾಯಲ್ಲಿದ್ದ ತುತ್ತು ಇಳಿಯುವವರೆಗೆ ಕಾದೆ. ಗಂಟಲು ಎದ್ದು ಇಳಿದದ್ದನ್ನು ನೋಡಿಕೊಂಡೆ. ಆಮೇಲೆ ಕೇಳಿದೆ. ಅವಳು ನನ್ನನ್ನು ನೋಡಿದಳು, ನಾಲಿಗೆ ಒಳಗೆ ಹೊರಳುತ್ತಲೇ ಇತ್ತು, ಮುಂದಿನ ತುತ್ತಿಗೆ ಕೈ ಹಾಕಿದಳು. ನಾನಿನ್ನೂ ಕಾಯುತ್ತಿದ್ದೇನೆ. ಕೇಳಿದ್ದು ಇಷ್ಟೇ:

"ಅಕ್ಕ, ಮಾತ್ರೆ ಐತೆ ಅಂತ ಅಮ್ಮ ಹೇಳಿದ್ ಮೇಲೂ ಆ ತುತ್ತ ನೀನ್ಯಾಕೆ ಬಾಯಿಗಿಟ್ಕೊಂಡೆ?"